ಮನೆಪತ್ರದೊಡನೆ ಹಂಪೆಗೆ

ಹಂಪೆಗೆ ಹೊರಟವರು ನೀರಿನ ಕೂಜೆ, ಕೊಡೆ, ಬಿಸಿಲಿಗೊಂದು ಟೋಪಿ, ಮಕ್ಕಳಿದ್ದರೆ ಚಕ್ಕುಲಿಯ ಡಬ್ಬಿ, ಇಷ್ಟನ್ನು ಹೊತ್ತುಕೊಂಡು ಹೋಗುವುದು ವಾಡಿಕೆ. ನಮ್ಮಕ್ಕ ಇವೆಲ್ಲದರ ಜೊತೆಗೆ ತನ್ನ ಮೈಸೂರಿನ ಮನೆಯ ಕ್ರಯಪತ್ರವನ್ನೂ ಹೊತ್ತು ತಂದಿದ್ದಳು. "ಖಾಲಿ ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ ಕಣೋ" ಎಂದು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತೊಡನೆ ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಭದ್ರಪಡಿಸಿಕೊಂಡಳು. ನಿಜಸಂಗತಿ ಬೇರೆಯೇ ಇತ್ತು. ಆ ಪತ್ರದ ಭವಿಷ್ಯ ಹಂಪೆಯಲ್ಲಿ ತೀರ್ಮಾನವಾಗಬೇಕಾಗಿತ್ತು.

ಅಕ್ಕನ ಒಬ್ಬನೇ ಮಗ, ಎಂದರೆ ನನ್ನ ಸೋದರಳಿಯ, ಬೆಂಗಳೂರಿನಲ್ಲಿ ಕೈತುಂಬ ಸಂಬಳ ಬರುತ್ತಿದ್ದ ಕೆಲಸವನ್ನು ಬಿಟ್ಟು ಎಂಟು ತಿಂಗಳಾಗಿತ್ತು. ಇಬ್ಬರು ಗೆಳೆಯರೊಡನೆ ಸೇರಿ ಸ್ವಂತ ಉದ್ಯಮ ಹೂಡಿದ್ದ. ಈಗಿನವರು ಅದನ್ನು ಸ್ಟಾರ್ಟಪ್ ಎನ್ನುತ್ತಾರೆ. ಅವರ ಸರಕು ಇಷ್ಟು: ಪ್ರವಾಸಿಯ ಜೇಬಿನಲ್ಲಿರುವ ಮೊಬೈಲು ಅವನು ಎಲ್ಲಿ ನಿಂತಿದ್ದಾನೆಂಬುದನ್ನು ತಾನಾಗಿಯೇ ಅರಿತು, ಅವನ ವಯಸ್ಸು, ಅಭಿರುಚಿ, ಕೈಯಲ್ಲಿರುವ ಹೊತ್ತು, ಹಣ ಇವಕ್ಕೆಲ್ಲ ಹೊಂದುವಂತೆ, ಮುಂದೆ ಏನು ನೋಡಬೇಕು, ಎಲ್ಲಿ ಉಣ್ಣಬೇಕು, ಎದುರಿಗಿರುವ ಕಲ್ಲಿನ ಕಥೆಯೇನು ಎಂದು ಕಿವಿಯಲ್ಲಿ ಹೇಳುವುದು. ಕಲ್ಪನೆಯೇನೋ ಸೊಗಸಾದುದೇ. ಆದರೆ ಮೂವರ ಉಳಿತಾಯವೂ ಕರಗಿಹೋಗಿ, ಈಗ ಸಾಲ ಬೇಕಾಗಿತ್ತು. ಸಾಲಕ್ಕೆ ಮೈಸೂರಿನ ಮನೆ ಆಧಾರವಾಗಬೇಕಾಗಿತ್ತು.

ಅಕ್ಕ ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಭಾವನವರು ತೀರಿಕೊಂಡ ಮೇಲೆ ಅವಳಿಗೆ ಉಳಿದಿರುವುದು ಪಿಂಚಣಿ, ಆ ಮನೆ, ಮಗ. "ನನಗೆ ಈ ಮೊಬೈಲಿನ ವಿದ್ಯೆ ತಿಳಿಯದು. ಆದರೆ ಪರೀಕ್ಷೆ ಮಾಡುವುದು ತಿಳಿದಿದೆ. ಎರಡು ದಿನ ಹಂಪೆಯಲ್ಲಿ ಅದು ಹೇಳಿದಂತೆ ನಡೆಯುತ್ತೇನೆ. ನನ್ನನ್ನು ಸರಿಯಾಗಿ ನಡೆಸಿದರೆ ರುಜು ಹಾಕುತ್ತೇನೆ. ನೀನೂ ಬಾ, ಲೆಕ್ಕಪತ್ರ ನೋಡಿದವನು" ಎಂದು ನನ್ನನ್ನು ಎಳೆದುಕೊಂಡು ಹೊರಟಳು. ಅವಳಿಗೆ ಹಂಪೆಯಲ್ಲಿ ಒಂದೇ ಒಂದು ಆಸೆಯಿತ್ತು. ದಾಸರ ಪದಗಳನ್ನು ಹಾಡುತ್ತ ಬೆಳೆದವಳು. ತುಂಗಭದ್ರೆಯ ದಡದಲ್ಲಿರುವ ಪುರಂದರ ಮಂಟಪದಲ್ಲಿ ಕುಳಿತು ಒಂದು ದೇವರನಾಮ ಹೇಳಬೇಕು.

ರೈಲಿನಲ್ಲಿ ಊಟ ಮುಗಿದ ಮೇಲೆ ಅಳಿಯ ತನ್ನ ಯೋಜನೆಯನ್ನು ವಿವರಿಸತೊಡಗಿದ. ಅಕ್ಕ ಕೇಳಿ ನಕ್ಕಳು. "ಇದರಲ್ಲಿ ಹೊಸದೇನಪ್ಪ? ಹರಿದ್ವಾರದ ಪಂಡರು ತಲೆತಲಾಂತರದಿಂದ ಇದನ್ನೇ ಮಾಡಿಕೊಂಡು ಬಂದಿಲ್ಲವೇ? ಊರು, ಮನೆತನ ಹೇಳಿದರೆ ವಹಿ ತೆರೆದು, ಮುತ್ತಾತ ಯಾವಾಗ ಬಂದಿದ್ದ, ಯಾರೊಡನೆ ಬಂದಿದ್ದ ಎಂದು ಓದಿ ಹೇಳುತ್ತಾರಂತೆ."

ಅವಳ ಮಾತು ನಿಜ. ಗುಂಪಿಗೆ ಗುಂಪನ್ನೇ ಒಂದು ದಾರಿಯಲ್ಲಿ ಸಾಗಿಸುವ ಪದ್ಧತಿಯೇ ಈಚಿನದು. 1841ರ ಜುಲೈ 5ರಂದು ಇಂಗ್ಲೆಂಡಿನ ಥಾಮಸ್ ಕುಕ್ ಸುಮಾರು ಐದುನೂರು ಜನರನ್ನು ತಲೆಗೊಂದು ಶಿಲ್ಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋಗೆ ವಿಶೇಷ ರೈಲಿನಲ್ಲಿ ಕರೆದೊಯ್ದ. ಎಲ್ಲರಿಗೂ ಒಂದೇ ರೈಲು, ಒಂದೇ ಹೊತ್ತು, ಒಂದೇ ನೋಟ. ಪ್ರವಾಸ ಅಗ್ಗವಾದದ್ದು ಹಾಗೆ. ಅದೇ ಅಗ್ಗದ ದರದಲ್ಲಿ ಒಬ್ಬೊಬ್ಬನಿಗೂ ಅವನವನ ಅಳತೆಗೆ ಹೊಲಿದ ಅಂಗಿಯಂಥ ಪ್ರವಾಸವನ್ನು ಕೊಡಬೇಕೆಂಬುದು ಈ ತರುಣರ ಹಂಬಲ.

"ಈ ಹಂಬಲ ನಿಮಗೊಬ್ಬರಿಗೇ ಹೊಳೆದದ್ದೇ?" ಎಂದು ನಾನು ಕೇಳಿದೆ.

ಹುಡುಗ ಪ್ರಾಮಾಣಿಕ, ಮುಚ್ಚುಮರೆ ಮಾಡಲಿಲ್ಲ. "ಇಲ್ಲ ಮಾವ, ದೊಡ್ಡದೊಡ್ಡವರೇ ಕೈಹಾಕಿ ಕೈಬಿಟ್ಟಿದ್ದಾರೆ" ಎಂದ. ನಡೆದು ಹೋಗುವವನಿಗೆ ನಿಂತಲ್ಲಿಯೇ ಊರಿನ ಸಂಗತಿಗಳನ್ನು ತಿಳಿಸುವ 'ಫೀಲ್ಡ್ ಟ್ರಿಪ್' ಎಂಬುದು 2012ರಲ್ಲಿ ಗೂಗಲ್ ಸಂಸ್ಥೆಯೊಳಗೆ ಹುಟ್ಟಿ 2019ರಲ್ಲಿ ನಿಂತಿತು. ಅದೇ ಸಂಸ್ಥೆ 2016ರಲ್ಲಿ ತಂದ 'ಗೂಗಲ್ ಟ್ರಿಪ್ಸ್' ಕೂಡ 2019ರಲ್ಲಿಯೇ ಮುಚ್ಚಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆಂಡ್ರ್ಯೂ ಮೇಸನ್ ಎಂಬಾತ ಆರಂಭಿಸಿದ 'ಡಿಟೂರ್', ಹೆಜ್ಜೆಗೆ ತಕ್ಕಂತೆ ಕಿವಿಯಲ್ಲಿ ಕಥೆ ಹೇಳುವ ಉದ್ಯಮ. ಅದನ್ನು 2018ರಲ್ಲಿ ಬೋಸ್ ಕಂಪನಿ ಕೊಂಡುಕೊಂಡಿತು, ಕೊಂಡ ಮೇಲೆ ಅದು ಉಳಿಯಲಿಲ್ಲ. 2009ರಲ್ಲಿ ಹುಟ್ಟಿ ಹೆಸರು ಮಾಡಿದ 'ಫೋರ್‌ಸ್ಕ್ವೇರ್', ಊರುಗಳನ್ನು ಪರಿಚಯಿಸುತ್ತಿದ್ದ ತನ್ನ ಆ್ಯಪನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು.

"ಕಾರಣ?"

"ಒಂದೊಂದಕ್ಕೂ ಅದರದರ ಕಾರಣ ಇದ್ದೀತು. ಆದರೆ ನಮಗೆಲ್ಲ ಸಮನಾದ ಕಷ್ಟ ಒಂದುಂಟು. ಹಾಲು, ತರಕಾರಿಯಂತೆ ದಿನವೂ ಬೇಕಾಗುವ ವಸ್ತು ಇದಲ್ಲ. ಪ್ರವಾಸಿ ಒಂದು ಊರಿಗೆ ಒಮ್ಮೆ ಬರುತ್ತಾನೆ. ಅವನನ್ನು ಹುಡುಕಿ ಹಿಡಿಯಲು ಜಾಹೀರಾತಿಗೆ ಸುರಿದ ಹಣ, ಅವನು ಕೊಡುವ ಹಣಕ್ಕಿಂತ ಹೆಚ್ಚಾಗಿಬಿಡುತ್ತದೆ."

ಅಕ್ಕ ಏನೂ ಆಡಲಿಲ್ಲ. ಚೀಲವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು.

ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದು, ಸ್ನಾನ ತಿಂಡಿ ಮುಗಿಸಿ, ಆಟೋ ಹಿಡಿದೆವು. ಅಲ್ಲಿಂದ ಹಂಪೆಗೆ ಹದಿಮೂರು ಕಿಲೋಮೀಟರು. ಕಬ್ಬು ಬಾಳೆಗಳ ಹಸುರು ಮುಗಿದು ಬಂಡೆಗಳ ರಾಜ್ಯ ಆರಂಭವಾಗುವ ಆ ತಿರುವು ಎಷ್ಟು ಸಲ ಕಂಡರೂ ಹಳತಾಗದು. ಯಾರೋ ದೈತ್ಯಶಿಶು ಆಡಿ ಬಿಟ್ಟುಹೋದ ಗೋಲಿಗಳಂತೆ ಗುಡ್ಡದ ಮೇಲೆ ಗುಂಡುಗಳು. ನಡುನಡುವೆ ಮಂಟಪ, ಮುರಿದ ಗೋಡೆ, ಹೆಬ್ಬಾಗಿಲು. 1520ರ ಸುಮಾರಿನಲ್ಲಿ ಇಲ್ಲಿಗೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಗುಡ್ಡ ಹತ್ತಿ ನಿಂತು ನೋಡಿದರೂ ಇಡೀ ನಗರ ಕಣ್ಣಿಗೆ ಸಿಕ್ಕಲಿಲ್ಲವೆಂದೂ, ಕಂಡಷ್ಟೇ ರೋಮ್ ನಗರದಷ್ಟು ದೊಡ್ಡದೆನಿಸಿತೆಂದೂ ಬರೆದಿಟ್ಟಿದ್ದಾನೆ. 1565ರ ಯುದ್ಧದ ತರುವಾಯ ಹಾಳಾದ ಆ ನಗರದ ನಕ್ಷೆಯನ್ನು ಕಾಲಿನ್ ಮೆಕೆಂಜಿ 1799ರಲ್ಲಿ ತಯಾರಿಸಿದ. ಈಗ ಅಳಿಯನ ಅಂಗೈಯಲ್ಲಿ ಅದೇ ನಗರ ನೀಲಿ ಚುಕ್ಕೆಯೊಂದನ್ನು ಹೊತ್ತು ಅಲುಗಾಡುತ್ತಿತ್ತು. ಆ ಚುಕ್ಕೆಯೇ ನಾವು.

ಆ್ಯಪು ಮೊದಲು ಅಕ್ಕನಿಗೆ ಕೆಲವು ಪ್ರಶ್ನೆಗಳನ್ನು ಹಾಕಿತು. ವಯಸ್ಸು ಅರವತ್ತೆಂಟು, ಜೊತೆಗೆ ಇಬ್ಬರು, ಸಮಯ ಎರಡು ದಿನ. ಇಷ್ಟು ಕೇಳಿದ ಮಾತ್ರಕ್ಕೆ 'ನಿಮಗಾಗಿ ಭಕ್ತಿಯಾತ್ರೆ' ಎಂದು ತೀರ್ಪು ಕೊಟ್ಟಿತು. ವಿರೂಪಾಕ್ಷನ ದರ್ಶನವಾಯಿತು. ಗುಡಿಯ ಹಿಂಭಾಗದ ಕತ್ತಲೆಕೋಣೆಯಲ್ಲಿ ಸಣ್ಣ ಕಿಂಡಿಯ ಮೂಲಕ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವ ಸೋಜಿಗವನ್ನು ನೋಡೆಂದು ಅದು ನಮ್ಮನ್ನು ಕಳುಹಿಸಿತು. ಶ್ರಾವಣದ ಮೋಡ ಕವಿದಿತ್ತು. ಗೋಡೆಯ ಮೇಲೆ ಏನೂ ಇರಲಿಲ್ಲ. ಅಲ್ಲಿ ಕುಳಿತಿದ್ದ ಮುದುಕರೊಬ್ಬರು, "ಬಿಸಿಲು ಬಂದ ಮ್ಯಾಲ ಬರ್ರಿ, ಈಗ ಕಾಣಂಗಿಲ್ಲ" ಎಂದರು. ಆ್ಯಪು ಮಾತ್ರ ನೆರಳಿನ ವರ್ಣನೆಯನ್ನು ಪೂರ್ತಿ ಮುಗಿಸಿತು.

ಉಗ್ರನರಸಿಂಹನ ಮುಂದೆ ನಡೆದುದು ಇನ್ನೂ ಸ್ವಾರಸ್ಯ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ, 6.7 ಮೀಟರು ಎತ್ತರದ ಆ ಭವ್ಯಮೂರ್ತಿಯನ್ನು ನೋಡುತ್ತ ನಿಂತಿದ್ದಾಗ, ಮೊಬೈಲಿನ ಇನಿದನಿ, "ಈ ಲಿಂಗದ ಪೀಠ ಯಾವಾಗಲೂ ನೀರಿನಲ್ಲಿ ಮುಳುಗಿರುತ್ತದೆ" ಎಂದಿತು. ಅಕ್ಕ ಕನ್ನಡಕ ಸರಿಪಡಿಸಿಕೊಂಡು ನರಸಿಂಹನ ಪಾದದ ಬಳಿ ನೀರು ಹುಡುಕಿದಳು. ಅದು ಪಕ್ಕದ ಗುಡಿಯ ಬಡವಿಲಿಂಗದ ಕಥೆ! ಎರಡೂ ಮಗ್ಗುಲುಮಗ್ಗುಲಲ್ಲಿವೆ. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರಿಂದ ಬರುವ ಸಂಕೇತಗಳನ್ನು ಲೆಕ್ಕಹಾಕಿ ಮೊಬೈಲು ತಾನಿರುವ ಜಾಗವನ್ನು ಗೊತ್ತುಮಾಡುತ್ತದೆ. ಬಯಲಿನಲ್ಲಿ ಐದಾರು ಮೀಟರು ಹೆಚ್ಚುಕಡಮೆ; ಸಂಕೇತ ಬಂಡೆಗೆ ಬಡಿದು ಸುತ್ತಿ ಬಂದರೆ ಇನ್ನೂ ಹೆಚ್ಚು. ನಮ್ಮ ಇಸ್ರೋ ಸಂಸ್ಥೆ 2013ರಿಂದ ಹಾರಿಸತೊಡಗಿದ 'ನಾವಿಕ್' ಉಪಗ್ರಹಗಳ ಉದ್ದೇಶವೂ ಹೀಗೆ ನೆಲೆ ತಿಳಿಸುವುದೇ. ಅಷ್ಟು ದೂರದಿಂದ ಇಷ್ಟು ಹತ್ತಿರ ಬಂದು ತಲಪುವುದೇ ಒಂದು ವಿಸ್ಮಯ. ಆದರೆ ಎರಡು ಗುಡಿಗಳ ನಡುವಿನ ಗೋಡೆ ಆ ವಿಸ್ಮಯಕ್ಕೆ ಸವಾಲಾಗಿತ್ತು. ಅಳಿಯ ತುಟಿ ಕಚ್ಚಿಕೊಂಡು ಪುಸ್ತಕದಲ್ಲಿ ಗುರುತು ಹಾಕಿಕೊಂಡ.

ಮಧ್ಯಾಹ್ನ ಮಹಾನವಮಿ ದಿಬ್ಬದ ಬಳಿ ಒಬ್ಬ ಗೈಡು ಸಿಕ್ಕಿದರು. ನಡುವಯಸ್ಸಿನವರು, ಅಚ್ಚುಕಟ್ಟಾದ ಮಾತು. ಆ್ಯಪಿನ ಭಕ್ತಿಯಾತ್ರೆಯಲ್ಲಿ ದಿಬ್ಬವಿರಲಿಲ್ಲ; ಊಟದ ದಾರಿಯಲ್ಲಿ ಸಿಕ್ಕಿತೆಂದು ಇಳಿದಿದ್ದೆವು. ಅವರು ಅಕ್ಕನನ್ನು, "ತಾಯಿ, ತಾವು ಏನು ಕೆಲಸದಲ್ಲಿದ್ರಿ?" ಎಂದು ಕೇಳಿದರು. ಗಣಿತದ ಮೇಷ್ಟರು ಎಂದೊಡನೆ, "ಹಂಗಾದ್ರ ಬರ್ರಿ, ನಿಮಗೊಂದು ಲೆಕ್ಕ ತೋರಿಸ್ತೀನಿ" ಎಂದು, 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗಳ ಪುಷ್ಕರಣಿಯ ಅಂಚಿಗೆ ಕರೆದೊಯ್ದರು. ಐದು ಅಂತಸ್ತು, ಕರಿಯ ಕಲ್ಲಿನ ಮೆಟ್ಟಿಲುಗಳು ಗೋಪುರ ಗೋಪುರವಾಗಿ ಇಳಿದು ತಳ ಸೇರುತ್ತವೆ. ಆ ಕಲ್ಲುಗಳ ಮೇಲೆ ಶಿಲ್ಪಿಗಳು ಗುರುತು ಕೊರೆದಿದ್ದಾರೆ: ಯಾವ ದಿಕ್ಕು, ಯಾವ ಸಾಲು, ಸಾಲಿನಲ್ಲಿ ಎಷ್ಟನೆಯದು ಎಂದು. ಹತ್ತಿರದಿಂದ ತೆಗೆದ ಚಿತ್ರವನ್ನು ತಮ್ಮ ಮೊಬೈಲಿನಲ್ಲಿಯೇ ಹಿಗ್ಗಿಸಿ ತೋರಿಸಿದರು. ಅಕ್ಕ ಮಂಡಿನೋವನ್ನು ಮರೆತು ಅರ್ಧ ಗಂಟೆ ಅಲ್ಲಿ ನಿಂತಳು. "ನೋಡೋ, ಕಲ್ಲಿನ ಮೇಲೇ ಅದರ ವಿಳಾಸ ಬರೆದಿದ್ದಾರೆ!"

"ನಿನ್ನ ಯಂತ್ರ ಅಮ್ಮನ ವಯಸ್ಸು ಕೇಳಿತು. ಇವರು ಕೆಲಸ ಕೇಳಿದರು" ಎಂದು ಅಳಿಯನಿಗೆ ಮೆಲ್ಲಗೆ ಹೇಳಿದೆ. ಅವನು ಅದನ್ನೂ ಬರೆದುಕೊಂಡ.

ಎರಡನೆಯ ದಿನ ವಿಠ್ಠಲ ದೇವಾಲಯ. ವಾಹನಗಳನ್ನು ದೂರದಲ್ಲಿಯೇ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ನಮ್ಮ ಗಾಡಿಯನ್ನು ಓಡಿಸಿದವಳು ಒಬ್ಬ ಹೆಣ್ಣುಮಗಳು. 2017ರಿಂದ ಐವತ್ತು ರೂಪಾಯಿಯ ನೋಟಿನ ಬೆನ್ನ ಮೇಲೆ ಇರುವ ಕಲ್ಲಿನ ರಥವನ್ನು ಕಣ್ಣಾರೆ ಕಂಡು, ಕಂಬಗಳ ಮಂಟಪವನ್ನು ಸುತ್ತಿ ಬಂದೆವು. ಅಕ್ಕನ ಮನಸ್ಸು ಮಾತ್ರ ಮುಂದಿನ ದಾರಿಯಲ್ಲಿತ್ತು. ಕೊನೆಗೂ ಮೊಬೈಲು ನುಡಿಯಿತು: "ಪುರಂದರ ಮಂಟಪ ಇನ್ನು ಇನ್ನೂರು ಮೀಟರು. ಕೆಳಗಿಳಿದು ಮಂಟಪದೊಳಗೆ ಕುಳಿತು ವಿಶ್ರಾಂತಿ ಪಡೆಯಿರಿ. ಅನಂತರ ಹರಿಗೋಲಿನಲ್ಲಿ ವಿಹರಿಸಿ."

ಹೆಜ್ಜೆ ಹಾಕುತ್ತಿದ್ದಂತೆ ಮೊರೆತ ಕೇಳಿಸಿತು. ಹಿಂದಿನಿಂದ ಯಾರೋ ಕೂಗುತ್ತ ಓಡಿಬಂದರು. ಗಾಡಿ ಓಡಿಸಿದ ಆ ಹೆಣ್ಣುಮಗಳು.

"ಅಮ್ಮಾ, ಕೆಳಗ ಹೋಗಬ್ಯಾಡ್ರಿ! ಡ್ಯಾಮಿನಿಂದ ನೀರು ಬಿಟ್ಟಾರ. ಮಂಟಪ ಮುಳುಗೇತಿ. ನಿನ್ನಿ ಸಂಜಿಮಟ ಕಾಣ್ತಿತ್ತು."

ನಾಲ್ಕು ಹೆಜ್ಜೆ ಮುಂದೆ ಸರಿದು ನೋಡಿದೆವು. ಕೆಂಪು ನೀರು ಬಂಡೆಗಳನ್ನು ಸೀಳಿಕೊಂಡು ಹರಿಯುತ್ತಿತ್ತು. ಮಂಟಪವಿರಬೇಕಾದಲ್ಲಿ ಚಾವಣಿಯ ಅಂಚೊಂದು ಮಾತ್ರ ಅಲೆಗಳ ನಡುವೆ ಕಂಡು ಮರೆಯಾಗುತ್ತಿತ್ತು. ಮೊಬೈಲು ಇನಿದನಿಯಲ್ಲಿ ಮತ್ತೊಮ್ಮೆ, "ಕೆಳಗಿಳಿಯಿರಿ" ಎಂದಿತು.

ಅವಳು ಅದನ್ನು ಕೇಳಿ ಬೆರಗಾದಳು. "ಅದಕ್ಕ ನೀರು ಗೊತ್ತಿಲ್ಲೇನ್ರಿ?"

ಅಳಿಯನ ಮುಖ ಬಿಳಿಚಿಕೊಂಡಿತು. ಮೊಬೈಲನ್ನು ಆರಿಸಿದ. "ಮಾವ, ಇಲ್ಲಿ ಯಾರಾದರೂ ಕತ್ತಲಾದ ಮೇಲೆ ಒಬ್ಬರೇ ಬಂದಿದ್ದರೆ..." ಎಂದವನು ಮಾತು ಮುಗಿಸಲಿಲ್ಲ.

ಆ ನೀರಿನ ಸುದ್ದಿ ಅಲ್ಲಿಯವರಿಗೆ ಉಸಿರಾಟದಷ್ಟು ಸಹಜ. 1953ರಲ್ಲಿ ಪೂರ್ಣವಾದ ತುಂಗಭದ್ರಾ ಅಣೆಕಟ್ಟಿನ ಮೂವತ್ತಮೂರು ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಂದಿನಿಂದ, ಬೆಳಗೆದ್ದರೆ ಮೊದಲು ಹೊಳೆಯ ಸಮಾಚಾರ ವಿಚಾರಿಸುವುದು ರೂಢಿಯಾಗಿದೆಯೆಂದು ಆ ಹೆಣ್ಣುಮಗಳು ಹೇಳಿದಳು. ಅಕ್ಕನ ಮುಖದ ನಿರಾಸೆ ಕಂಡು, ಅವಳ ಕೈಹಿಡಿದು, ತುಲಾಭಾರದ ಕಲ್ಲುಕಂಬಗಳ ಹತ್ತಿರ ನೆರಳಿರುವ ಒಂದು ಕಟ್ಟೆಯ ಮೇಲೆ ಕೂಡಿಸಿದಳು. "ಇಲ್ಲಿಂದ ಹೊಳಿ ಸಪ್ಪಳ ಕೇಳತೈತ್ರಿ. ಪುಷ್ಯದ ಅಮಾಸಿಗೆ ಬರ್ರಿ. ದಾಸರ ಆರಾಧನಿ. ಆವಾಗ ನೀರು ಇಳಿದಿರತೈತಿ, ಮಂಟಪದಾಗ ಕೂತು ಹಾಡ್ತಾರ."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಸಣ್ಣ ದನಿಯಲ್ಲಿ ಹಾಡಿದಳು. ಹೊಳೆಯ ಮೊರೆತದಲ್ಲಿ ನಮಗೇ ಅರ್ಧ ಕೇಳಿಸಿತು. ಬಟ್ಟೆಯ ಚೀಲ ಅವಳ ಮಡಿಲಲ್ಲೇ ಇತ್ತು.

ಆ ರಾತ್ರಿ ಹೊಸಪೇಟೆಯ ಕೋಣೆಯಲ್ಲಿ ವಿಚಾರಣೆ ನಡೆಯಿತು. ನಾನು ಲೆಕ್ಕದವನಾದುದರಿಂದ ಖರ್ಚಿನ ಪಟ್ಟಿ ನೋಡಿದೆ. ಬಹುಪಾಲು ಹಣ ಬೆಂಗಳೂರಿನ ಬಾಡಿಗೆಗೂ ಜಾಹೀರಾತಿಗೂ ಹೋಗಿತ್ತು. ಹಂಪೆಯ ಹೆಸರಿನಲ್ಲಿ ಇದ್ದುದು ಎರಡು ಪ್ರಯಾಣದ ವೆಚ್ಚ ಮಾತ್ರ.

"ನೀವು ಮಾರುತ್ತಿರುವುದು ಪ್ರವಾಸಿ ಎಲ್ಲಿ ನಿಂತಿದ್ದಾನೆ ಎಂಬ ತಿಳಿವಳಿಕೆಯನ್ನು" ಎಂದೆ. "ಅದು ಅವನಿಗೇ ತಿಳಿದಿದೆ. ಅವನಿಗೆ ತಿಳಿಯದಿರುವುದು ಆ ಸ್ಥಳ ಇಂದು ಹೇಗಿದೆ ಎಂಬುದು. ಅದನ್ನು ಉಪಗ್ರಹ ಹೇಳದು. ಗಾಡಿ ಓಡಿಸುವವಳು ಹೇಳುತ್ತಾಳೆ."

ಮಾತಿಗೆ ಮಾತು ಬೆಳೆದು ನಡುರಾತ್ರಿಯಾಯಿತು. ಹುಡುಗ ಸೋತು ಕೂರುವ ಜಾತಿಯಲ್ಲ. ಕಾಗದ ತೆಗೆದು ಹೊಸದಾಗಿ ಬರೆಯತೊಡಗಿದ. ಆಟೋದವರು, ಗೈಡುಗಳು, ಹರಿಗೋಲಿನವರು, ಹೋಟೆಲಿನವರು ದಿನವೂ ಬೆಳಗ್ಗೆ ಏಳಕ್ಕೆ ಮುಂಚೆ ಒಂದೊಂದು ಸಾಲಿನ ಸುದ್ದಿ ಕಳುಹಿಸಬೇಕು: ನೀರು ಎಷ್ಟಿದೆ, ಯಾವ ದಾರಿ ಜಾರುತ್ತದೆ, ಯಾವ ಗುಡಿಯಲ್ಲಿ ಉತ್ಸವ. ಆ ಸುದ್ದಿಗೆ ಅವರಿಗೆ ದುಡ್ಡು ಸಲ್ಲಬೇಕು. ಯಾತ್ರಿಕನಿಂದ ದಿನದ ಲೆಕ್ಕದಲ್ಲಿ ಅಲ್ಪ ಶುಲ್ಕ. ಅದರ ಹೆಚ್ಚಿನ ಪಾಲು ಸ್ಥಳದವರಿಗೆ. ಪ್ರತಿಯೊಂದು ಸ್ಥಳಕ್ಕೂ ಮೆಟ್ಟಿಲುಗಳ ಎಣಿಕೆ, ಕೂರಲು ನೆರಳು ಎಲ್ಲಿ, ಶೌಚಾಲಯ ಎಲ್ಲಿ ಎಂಬ ವಿವರ. ಮಂಡಿನೋವಿನವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಂಡೆಗಳ ನಡುವೆ ಸಂಪರ್ಕ ತಪ್ಪುವುದರಿಂದ ಕಥೆಗಳೆಲ್ಲ ಮೊದಲೇ ಮೊಬೈಲಿನೊಳಗಿರಬೇಕು. ನೀರಿನ ಸುದ್ದಿ ಅಂದಿನದಲ್ಲದಿದ್ದರೆ ಹೊಳೆಯ ದಾರಿಯನ್ನು ತೋರಿಸಲೇಕೂಡದು. ಯಾರು ಎಲ್ಲಿ ಅಡ್ಡಾಡಿದರೆಂಬ ಲೆಕ್ಕ ಅವರವರ ಮೊಬೈಲಿನಲ್ಲಿಯೇ ಉಳಿಯಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯೇ ಆಗಿರುವಾಗ, ಅದಕ್ಕೂ ಮಿಗಿಲಾಗಿ ಸಭ್ಯತೆಯೆಂಬುದು ಇರುವಾಗ, ಅತಿಥಿಯ ಬೆನ್ನುಹತ್ತುವುದು ಸಲ್ಲದು. ಮೊದಲ ಪ್ರಶ್ನೆ ವಯಸ್ಸಾಗಬಾರದು. 'ನಿಮಗೆ ಏನು ಇಷ್ಟ?' ಎಂದಾಗಬೇಕು.

ಅಕ್ಕ ಎಲ್ಲವನ್ನೂ ಕೇಳಿ, ಚೀಲದಿಂದ ಪತ್ರವನ್ನು ಹೊರತೆಗೆದಳು. ಹುಡುಗನ ಕಣ್ಣು ಅರಳಿತು. ಅವಳು ಅದರ ಮಡಿಕೆಯನ್ನು ನೇರಮಾಡಿ ಮತ್ತೆ ಒಳಗಿಟ್ಟಳು.

"ಉತ್ತರ ತಪ್ಪಾದರೂ ಲೆಕ್ಕದ ದಾರಿ ಸರಿಯಿದ್ದರೆ ನಾನು ಅರ್ಧ ಅಂಕ ಕೊಡುತ್ತಿದ್ದೆ. ನಿನಗೂ ಅಷ್ಟೇ. ಮನೆಯನ್ನು ಒತ್ತೆಯಿಡುವುದಿಲ್ಲ. ಆರು ತಿಂಗಳು ಈ ಊರಿನಲ್ಲಿ ಕೋಣೆ ಹಿಡಿದು ಇರು. ಬಾಡಿಗೆಯೂ ಊಟದ ಖರ್ಚೂ ನನ್ನ ಪಿಂಚಣಿಯಿಂದ."

"ಅಷ್ಟರಲ್ಲಿ ಇನ್ಯಾರಾದರೂ ಮಾಡಿಬಿಟ್ಟರೆ, ಅಮ್ಮ?"

"ಅವರಿಗೆ ನೀರು ಗೊತ್ತಿದ್ದರೆ ಮಾಡಲಿ."

ಹುಡುಗನಿಗೆ ನೋವಾಯಿತು. ಮರುದಿನ ರೈಲು ಹೊರಡುವವರೆಗೂ ಹೆಚ್ಚು ಮಾತಾಡಲಿಲ್ಲ. ಆದರೆ ರೈಲು ಹತ್ತಿದವರು ನಾವಿಬ್ಬರೇ.

ಈಗ ಅವನು ಹೊಸಪೇಟೆಯಲ್ಲಿದ್ದಾನೆ. ಗೆಳೆಯರಲ್ಲಿ ಒಬ್ಬ ಉದ್ಯೋಗಕ್ಕೆ ಹಿಂದಿರುಗಿದ, ಇನ್ನೊಬ್ಬ ಜೊತೆಗಿದ್ದಾನೆ. ಬೆಳಗಿನ ಸುದ್ದಿ ಕಳುಹಿಸುವವರು ಹದಿನಾಲ್ಕು ಮಂದಿಯಾಗಿದ್ದಾರಂತೆ. ಅವರಲ್ಲಿ ಮೊದಲಿಗಳು ಆ ಬ್ಯಾಟರಿ ಗಾಡಿಯ ಹೆಣ್ಣುಮಗಳು. ವರಮಾನ ಇನ್ನೂ ಖರ್ಚನ್ನು ಮುಟ್ಟಿಲ್ಲ. ಮುಟ್ಟುವುದೋ ಇಲ್ಲವೋ ಹೇಳಬಲ್ಲವನು ನಾನಲ್ಲ. ಆದರೆ ಪ್ರವಾಸಿ ಒಂದೂರಿಗೆ ಒಮ್ಮೆಯೇ ಬರುತ್ತಾನೆಂಬ ಅವನ ಲೆಕ್ಕದಲ್ಲಿ ಈಗಾಗಲೇ ಒಂದು ತಪ್ಪು ಸಿಕ್ಕಿದೆ. ಪುಷ್ಯದ ಅಮಾವಾಸ್ಯೆಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ಸ್ಥಳ ಕಾದಿರಿಸೆಂದು ಅಕ್ಕ ಹೇಳಿಕಳುಹಿಸಿದ್ದಾಳೆ. ಮನೆಪತ್ರ ಈ ಸಲ ಬೀರುವಿನಲ್ಲಿಯೇ ಇರುತ್ತದಂತೆ.